ಹೆರೆದ ಜಾಗ

ಹದಿನಾಲ್ಕು ಅಡಿ ಉದ್ದದ ವಂಶ
ಮೇಜಿನ ಮೇಲೆ ಮಲಗಿದೆ
ಮೂಲೆಗೊಂದು ಮರಳಿನ ಚೀಲ ಹೇರಿಕೊಂಡು.
ಡರಮ್ ಊರಿನ ದಾಖಲೆಮನೆ, ನೆಲಮಾಳಿಗೆ, ನವೆಂಬರು.
ನಾಲ್ಕಕ್ಕೇ ಕತ್ತಲು.
ಓದುವುದು ನನ್ನ ಕೆಲಸವಲ್ಲ, ಮಡಿಕೆ ಬಿಡಿಸುವುದು;
ಗೋಧಿಹಿಟ್ಟಿನ ಅಂಟು, ಮೂಳೆಯ ಅಲಗು, ಒದ್ದೆ ಬಟ್ಟೆಯ ಉಸಿರು.
ಆದರೂ ಕಣ್ಣಿಗೆ ಬೀಗ ಹಾಕಲು ಬರುತ್ತದೆಯೇ?

ಬುಡದಲ್ಲಿ ಒಬ್ಬ ಕಬ್ಬಿಣದ ಅಂಗಿಯವನು,
ನಾರ್ಮಂಡಿಯ ದೋಣಿಯಿಂದ ಇಳಿದವನಂತೆ.
ಇಳಿದನೋ ಇಲ್ಲವೋ ದೋಣಿಗೇ ಗೊತ್ತು.
ವೆದರ್‌ಕೋಟಿನ ಮೂರನೆಯ ಅರ್ಲ್ ಇದನ್ನು ಬರೆಸಿದಾಗ
ಬರೆಯುವವನಿಗೆ ಅಡಿಗಿಷ್ಟು ಎಂದು ಕೂಲಿ;
ಅಜ್ಜಂದಿರು ಉದ್ದವಾಗದೆ ಇನ್ನೇನಾದಾರು?

ಅವನೆದೆಯಿಂದ ಎದ್ದ ಬಳ್ಳಿಗೆ
ಕೆಂಪು ಹಸಿರು ಗುರಾಣಿಗಳು ಕಾಯಿಬಿಟ್ಟಿವೆ.
ಆಂಬ್ರೋಸ್, ಪೆರೆಗ್ರಿನ್, ಮತ್ತೆ ಆಂಬ್ರೋಸ್,
ಅಪ್ಪನ ಹೆಸರನ್ನು ಅಪ್ಪನ ಕೋಟಿನಂತೆ
ತೋಳು ಮಡಚಿ ತೊಟ್ಟ ಮಕ್ಕಳು.
ಹೆಣ್ಣುಗಳದು ಮೊಟಕು ಕಡ್ಡಿ:
ಲೆಟಿಸ್, ಮಕ್ಕಳಿಲ್ಲದೆ.
ಇನ್ನೊಬ್ಬ ಮಗಳು.
ಇನ್ನೊಬ್ಬ ಮಗಳು! ಹನ್ನೊಂದು ವರ್ಷ ಬದುಕಿದ್ದಳಂತೆ,
ಚರ್ಚಿನ ಪುಸ್ತಕದಲ್ಲಿದೆ.
ಹೆಸರು ಕೇಳುವಷ್ಟು ಪುರುಸೊತ್ತು ಯಾರಿಗೂ ಸಿಗಲಿಲ್ಲ.

ಐದನೆಯ ಅರ್ಲನ ಪಕ್ಕ ಚರ್ಮ ತೆಳ್ಳಗಿದೆ.
ಬೆರಳಿಗೆ ಮೊದಲು ತಿಳಿಯಿತು, ಆಮೇಲೆ ದೀಪಕ್ಕೆ.
ಚಾಕುವಿನಿಂದ ಹೆರೆದಿದ್ದಾರೆ,
ಹೆರೆದಲ್ಲಿ ಒಂದು ದಾಳಿಂಬೆ ಬಿಡಿಸಿದ್ದಾರೆ.
ಇಡೀ ಬಳ್ಳಿಯಲ್ಲಿ ಇನ್ನೆಲ್ಲೂ ಹಣ್ಣಿಲ್ಲ.
ನೇರಳೆ ಬೆಳಕು ಹಿಡಿದೆ.
ಹಣ್ಣಿನೊಳಗಿಂದ ಅಕ್ಷರಗಳು
ಹಸು ಏಳುವ ಹಾಗೆ, ಹಿಂಗಾಲು ಮೊದಲು,
ಕೊನೆಯ ಅಕ್ಷರದಿಂದ ಒಂದೊಂದಾಗಿ ಎದ್ದವು:
ಹೆಸ್ಟರ್ ಪ್ಯಾಲಿನ್.
ಅವಳಿಂದ ಕೆಳಕ್ಕೊಂದು ಗೆರೆ.
ಗೆರೆಯ ತುದಿಗೆ, ಕಿರೀಟ ಸಮೇತ, ಆರನೆಯ ಅರ್ಲ್.

ಹೆತ್ತವಳನ್ನೇ ಹೆರೆದಿದ್ದಾರೆ.

ಮನೆಯ ಲೆಕ್ಕದ ಪುಸ್ತಕ ಮೇಲಿನ ಕಪಾಟಿನಲ್ಲಿದೆ.
"ಹಾಲಿನ ಕೋಣೆಯ ಹೆಸ್ಟರಳಿಗೆ, ಸುಮ್ಮನಿರಲು,
ನಾಲ್ಕು ಪೌಂಡು, ಒಂದು ಹಸು."
ಅದೇ ವಾರ ಲೇಡಿ ಮಾರ್ಜರಿಗೆ ಬಾಣಂತಿ ಹಾಸಿಗೆ,
ಚರ್ಚಿನ ಗಂಟೆ ಬಾರಿಸಿದವರಿಗೆ ಬಿಯರು.
ಹಾಗಾದರೆ ಅವಳ ಹೆಸರು ಬರೆದವನು ಯಾರು?
ಅಡಿಗೂಲಿಯವನ ಮೊಮ್ಮಗನೇ ಇರಬೇಕು;
ಒಂದೂವರೆ ಇಂಚು ಸತ್ಯಕ್ಕೆ
ಅವನಿಗೆಷ್ಟು ಸಿಕ್ಕಿತೋ.

ಆಮೇಲಿನ ಏಳು ಅರ್ಲರು, ಒಬ್ಬ ಅಡ್ಮಿರಲ್, ಒಬ್ಬ ಬಿಷಪ್,
ರಾಜಮನೆತನದ ಮದುವೆಯಲ್ಲಿ ನಿಲುವಂಗಿಯ ಬಾಲ ಹಿಡಿದ
ಆ ಉದ್ದ ಮೂಗಿನ ಹುಡುಗಿ,
ಎಲ್ಲ ಹೆಸ್ಟರಳ ಹಾಲು.

ಶುಕ್ರವಾರ ಹದಿಮೂರನೆಯವರು ಬಂದರು.
ಮೊಣಕೈ ಹರಿದ ಸ್ವೆಟರು, ನಾಯಿಕೂದಲು,
ಮನೆ ನೋಡಲು ಬರುವವರಿಗೆ ತಾವೇ ಟಿಕೆಟ್ ಹರಿಯುತ್ತಾರಂತೆ.
ಟೋಪಿ ತೆಗೆದು ಕೇಳಿದರು:
"ಹುಳ ಹಿಡಿದಿಲ್ಲ ತಾನೇ?"
ಇಲ್ಲ ಎಂದೆ.
ಅವರ ಕೈ ನೋಡಿದೆ. ಅಗಲ, ಕೆಂಪಗೆ, ಗಟ್ಟಿ ಹೆಬ್ಬೆರಳು.
ಅಂಥ ಕೈಗೆ ಯಾವ ಹಸುವೂ ಹಾಲು ಕೊಡುತ್ತದೆ.
ಹೇಳಲಿಲ್ಲ.

ಹಾನಿ ಎಂಬ ಅಂಕಣದಲ್ಲಿ ಬರೆದೆ:
ಹೆರೆದ ಜಾಗ ಒಂದು. ಕೆಳಗೆ ಹೆಸರಿದೆ, ಓದಬಹುದು.
ದುರಸ್ತಿ ಮಾಡಿಲ್ಲ.

ಸುರುಳಿ ಸುತ್ತುವಾಗ ಎಣಿಸಿದೆ, ಒಂಬತ್ತು ಹೊಲಿಗೆ ತುಂಡು.
ಒಂಬತ್ತು ಕರುಗಳ ಬೆನ್ನೇರಿ ಕೂತಿದ್ದಾರೆ ಇಷ್ಟೂ ಜನ.
ಅವುಗಳ ತಾಯಿ ಯಾವ ಕೊಟ್ಟಿಗೆಯವೋ
ಎಲ್ಲೂ ಬರೆದಿಲ್ಲ.