ಹಿಂಬದಿ

ಮುಂದಿನ ಬದಿಯ ಬಗ್ಗೆ ಬಲ್ಲವರು ಮಾತಾಡಿದ್ದಾರೆ,
ಮೈಕು ಹಿಡಿದು, ನಡುವೆ ಕನ್ನಡಕ ತೆಗೆದು ಒರೆಸಿಕೊಂಡು.
ನನಗೆ ಗೊತ್ತಿರುವುದು ಹಿಂಬದಿ.

ಪುಣೆಯ ರವಿವಾರ ಪೇಟೆ, ಪಾತ್ರೆ ಅಂಗಡಿಗಳ ಹಿಂದಿನ ಓಣಿ,
ಆರಡಿ ಅಗಲದ ನನ್ನ ಮಳಿಗೆ.
ಗಣಪತಿ, ಮದುವೆಯ ಜೋಡಿ, ತೀರಿಕೊಂಡ ಅಜ್ಜ,
ನಿವೃತ್ತಿಯ ದಿನ ಕೊಟ್ಟ ಮಾನಪತ್ರ,
ಯಾರೇ ಬರಲಿ, ಕಟ್ಟು ಹಾಕುವುದು ಕಸುಬು.
ಊರು ಗಜೇಂದ್ರಗಡ, ಅಡ್ಡಹೆಸರು ಬಡಿಗೇರ.
ಇಲ್ಲಿಯವರ ಬಾಯಲ್ಲಿ ಅದು ಬಡಿಗರ್ ಆಗಿ, ಬಡಗೇ ಆಗಿ,
ಕೊನೆಗೆ ಬರೇ ಫ್ರೇಮವಾಲೆ.
ಸರಿಯಾಗಿ ಕರೆದವಳು ಮುಕ್ತಾ ಪಾನ್ಸೆ ಒಬ್ಬಳೇ,
ಅದೂ ಉದ್ರಿ ಕೇಳುವಾಗ.

"ಬಡಿಗೇರ ಮಾಮಾ, ಪಟ್ಟಿಯಷ್ಟೇ ಸಾಕು, ಗಾಜು ಬೇಡ.
ಗಾಜಿನೊಳಗೆ ಚಿತ್ರಕ್ಕೆ ಉಸಿರು ಕಟ್ಟುತ್ತೆ."
ಅದು ಕಲೆಯ ಮಾತಲ್ಲ. ಗಾಜಿಗೆ ದುಡ್ಡಿರಲಿಲ್ಲ.
ನಾನೂ ನಂಬಿದವನಂತೆ ತಲೆಯಾಡಿಸುತ್ತಿದ್ದೆ.
ಸಾವಿರದ ನೂರಾ ನಲವತ್ತು ರೂಪಾಯಿ
ಈಗಲೂ ವಹಿಯಲ್ಲಿ ಅವಳ ಹೆಸರಿಗಿದೆ.

ಹೋಗುವಾಗ ಮೂವತ್ತೊಂದು ವರ್ಷ.

ಈಗ ಮೂವತ್ತೆಂಟು ಚಿತ್ರಕ್ಕೂ ಸಾಗವಾನಿ,
ಮುಂಗಡ ಕೊಟ್ಟವರು ಯಾವುದೋ ಟ್ರಸ್ಟಿನವರು.
ನಾಲ್ಕು ವಾರ ನಾನೂ ಅಳಿಯನೂ ಮೂಲೆ ಕೂಡಿಸಿದೆವು,
ಅಂಗಡಿಯೆಲ್ಲ ಮರದ ಹಿಟ್ಟು, ಚಹಾದಲ್ಲೂ ಮರದ ಹಿಟ್ಟು.
ಬಟ್ಟೆ ಮಗುಚಿದರೆ ಬೆನ್ನಿಗೆ ಪೆನ್ಸಿಲಿನಲ್ಲಿ
ಹಾಲಿನ ಲೆಕ್ಕ.
ಹಡಪಸರದ ಬಸ್ಸಿನ ನಂಬರು.
ಒಂದರಲ್ಲಿ ಮಾತ್ರೆಗಳ ಪಟ್ಟಿ, ಬೆಳಿಗ್ಗೆ ಎರಡು, ರಾತ್ರಿ ಒಂದು;
ಆ ಚಿತ್ರದ ಮುಂದಿನ ಬದಿಯಲ್ಲಿ ಬರೇ ಸೀತಾಫಲ.
ಇನ್ನೊಂದರಲ್ಲಿ:
*ಬಾಬಾಗೆ ತೋರಿಸಬಾರದು.*
ಅದರ ಕೆಳಗೆ, ಬೇರೆ ಶಾಯಿಯಲ್ಲಿ:
*ತೋರಿಸಿದೆ. ಏನೂ ಅನ್ನಲಿಲ್ಲ.*

ಧೂಳು ಕೂರದಂತೆ ಬೆನ್ನಿಗೆ ಖಾಕಿ ಕಾಗದ ಅಂಟಿಸುವುದು ಪದ್ಧತಿ.
ಅಂಟಿಸಿದೆ. ಮೂವತ್ತೆಂಟಕ್ಕೂ.
ಮೈದಾದ ಅಂಟು, ಸ್ವಲ್ಪ ಮೈಲುತುತ್ತ, ಹುಳ ಬರಬಾರದು.

ಗೋಡೆಗೆ ಏರಿಸುವ ದಿನ ಜಗಳ ಹತ್ತಿತು,
ಆ ಒಂದು ಚಿತ್ರದ ತಲೆ ಯಾವುದು, ಕಾಲು ಯಾವುದು.
ಹಳದಿಯ ನಡುವೆ ಬೂದು ಗುಡ್ಡೆ. ಬಂಡೆ ಎಂದರು ಪ್ರೊಫೆಸರು.
ಮೋಡ ಎಂದಳು ಗ್ಯಾಲರಿಯ ಹುಡುಗಿ, ಪುಸ್ತಕ ತಿರುವಿ.
ನಾನು ಏಣಿಯ ಮೇಲಿನಿಂದಲೇ ಹೇಳಿದೆ: ಹೀಗಲ್ಲ, ಹೀಗೆ.
ನಿನಗೆ ಹೇಗೆ ಗೊತ್ತು?
ಮೊಳೆಯ ಗುರುತು, ಎಂದೆ. ಸುಳ್ಳು.
ಅಕ್ಷರ ತಲೆಕೆಳಗಾಗಿ ಯಾರೂ ಬರೆಯುವುದಿಲ್ಲ.

ತಿರುಗಿಸಿ ತೂಗುಹಾಕಿದ ಮೇಲೆ
ಬಂಡೆ ಎದ್ದು ಕೂತಿತು:
ನಮಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತ ಗಂಡಸು,
ಬನಿಯನ್ನಿನಲ್ಲಿ ಎರಡು ತೂತು,
ತೂತಿನಲ್ಲಿ ಕಾಣುವ ಚರ್ಮಕ್ಕೆ ಅವಳು ಹಚ್ಚಿದ ಬಣ್ಣಕ್ಕೆ
ನನ್ನ ಹತ್ತಿರ ಹೆಸರಿಲ್ಲ.
ಪ್ರೊಫೆಸರು ಕೆಮ್ಮಿ ಆಚೆ ಹೋದರು.

ಉದ್ಘಾಟನೆಯಾಗಿ, ಸಮೋಸ ಮುಗಿದು, ಜನ ಕರಗಿದಾಗ
ಪಾನ್ಸೆ ಕಾಕಾ ಆ ಚಿತ್ರದ ಮುಂದೆ ಸಿಕ್ಕರು.
ಇಸ್ತ್ರಿ ಮಾಡಿದ ಅಂಗಿ, ಒಂದು ಗುಂಡಿ ತಪ್ಪಿ ಹಾಕಿದ್ದು.
ನನ್ನನ್ನು ನೋಡದೆ ಹೇಳಿದರು:
"ಇದನ್ನು ಒಂದು ಸಂಜೆ ನನ್ನೆದುರು ತಂದು ನಿಲ್ಲಿಸಿದ್ದಳು.
ಆ ವಾರ ನನ್ನ ಕನ್ನಡಕ ಬಸ್ಸಿನಲ್ಲಿ ಕಳೆದಿತ್ತು.
ಮನೆಯಲ್ಲಿ ಹೇಳಿರಲಿಲ್ಲ,
ಹೇಳಿದ್ದರೆ ಬಣ್ಣದ ದುಡ್ಡಲ್ಲಿ ಹೊಸದು ಮಾಡಿಸುತ್ತಿದ್ದಳು.
ಹಳದಿ ಕಂಡಿತು. ಅಷ್ಟೇ ಕಂಡಿತು.
ಏನು ಅನ್ನಲಿ?"

ಹೊರಗೆ ರಿಕ್ಷಾವೊಂದು ಶುರುವಾಗದೆ ಕೆಮ್ಮುತ್ತಿತ್ತು.
ನನ್ನ ಜೇಬಿನಲ್ಲಿ ಕಾಗದ ಕೊಯ್ಯುವ ಚೂರಿ.
ಹತ್ತು ಮಾತು ನಾಲಗೆಗೆ ಬಂದವು, ಮರಾಠಿಯಲ್ಲಿ ಐದು,
ಕನ್ನಡದಲ್ಲಿ ಐದು, ಒಂದಕ್ಕೂ ಮೂಲೆ ಕೂಡಲಿಲ್ಲ.
ಚಿತ್ರ ಒಂದು ಎಳೆ ಎಡಕ್ಕೆ ವಾಲಿತ್ತು,
ಬೆರಳ ತುದಿಯಿಂದ ಸರಿಮಾಡಿದೆ.

ಆಮೇಲೆ ಇಷ್ಟು ಹೇಳಿದೆ:
ಭಾನುವಾರ ಸಂಜೆ ಆರಕ್ಕೆ ಎಲ್ಲವನ್ನೂ ಇಳಿಸುತ್ತೇವೆ, ಕಾಕಾ.
ಇದು ಭಾರ ಇದೆ, ಹಿಡಿಯಲು ಇನ್ನೊಬ್ಬರು ಬೇಕು.
ನೀವೇ ಬನ್ನಿ.
ಕನ್ನಡಕ ಮರೆಯಬೇಡಿ.