ರಸೀದಿ ನಂಬರ್ ನಲವತ್ತೇಳು

ನಾನು ಡ್ರಾಯಿಂಗ್ ಮಾಸ್ತರ. ಹಾಗಾಗಿ
ದಾನಿಗಳ ಹೆಸರು ಬರೆಯುವ ಕೆಲಸ ನನ್ನದೇ.
ಸಾವಿರದೈನೂರಕ್ಕೆ ಒಂದು ಫ್ಯಾನು, ರೆಕ್ಕೆಗೊಬ್ಬರಂತೆ
ಸೆಟ್ಟರು, ಸೆಟ್ಟರ ತಂದೆ, ಕೈಲಾಸವಾಸಿ ತಾಯಿ.
ತಿರುಗಿದರೆ ಮೂವರೂ ಸೇರಿ ಒಂದೇ ಹಳದಿ ಗೆರೆ,
ಕರೆಂಟು ಹೋದರೆ ಹುಡುಗರು ಕತ್ತೆತ್ತಿ
ಕೂಡಿಸಿ ಕೂಡಿಸಿ ಓದುತ್ತಾರೆ.
ಸಿರುಗುಪ್ಪದಲ್ಲಿ ಓದಲು ಬಿಡುವಿಗೇನೂ ಕೊರತೆಯಿಲ್ಲ.

ಅನುದಾನ ಜುಲೈನಲ್ಲಿ ಬಂತು:
ವಿದ್ಯುತ್ ಬಿಲ್ಲು, ಸೀಮೆಸುಣ್ಣ, ಗಂಟೆಗೊಂದು ಹೊಸ ಹಗ್ಗ.
ಆಗಸ್ಟ್ ಹದಿನೈದರ ಲಾಡಿಗೆ
ಶಶಿರೇಖಾ ಮೇಡಂ ತಮ್ಮದೇ ಪರ್ಸು ತೆಗೆದರು.
ಹುಣಸೆಮರದ ಹರಾಜಿಗೆ ಮೂರು ಸಾವಿರದ ನಾನೂರು.
ತೊಂಬತ್ತೆಂಟರ ಬ್ಯಾಚು ಬಣ್ಣ ಬಳಿಸಿಕೊಟ್ಟಿತು,
ಎದುರು ಗೋಡೆಗೆ ಮಾತ್ರ, ಫೋಟೋದಲ್ಲಿ ಬರುವಷ್ಟು.

ರಸೀದಿ ಪುಸ್ತಕ ಬಗಲಲ್ಲಿಟ್ಟು ಅಕ್ಕಿ ಗಿರಣಿಗೆ ಹೋದೆವು
ನಾನು, ಮೇಡಂ, ಎಸ್‌ಡಿಎಂಸಿಯ ಹುಲುಗಪ್ಪ.
ತೌಡಿನ ದೂಳಿಗೆ ಮೇಡಂ ಸೆರಗು ಮೂಗಿಗೊತ್ತಿದ್ದರು.
ಪಂಪನಗೌಡರು ಚಹಾ ತರಿಸಿದರು.
"ಫ್ಯಾನ್ ಬೇಕೇನ್ರಿ? ಬೆಂಚು? ಗ್ವಾಡಿ ಗಡಿಯಾರ?
ನೀರಿನ ಫಿಲ್ಟರ್ ಆದ್ರೆ ಹೇಳ್ರಿ, ಅಪ್ಪಾಜಿ ಹೆಸರು ಹಾಕ್ಸೋಣು."
ಲೋಟವನ್ನೇ ನೋಡುತ್ತ ಮೇಡಂ ಅಂದರು:
"ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ ಗೌಡ್ರೇ.
ಮೂರಕ್ಕೂ."

ಗಿರಣಿಯ ಬೆಲ್ಟು ಒಂದೇ ಸಮ ಓಡುತ್ತಿತ್ತು.
ಗೌಡರು ಒಳ್ಳೆಯವರು. ನಿಜಕ್ಕೂ.
"ಅಪ್ಪಾಜಿ ಹೆಸರು... ಅಲ್ಲಿ..." ಅಂದು
ಗಡಿಯಾರಕ್ಕೆ ಎರಡು ಸಾವಿರ ಎಣಿಸಿದರು.
ರಸೀದಿ ನಂಬರ್ ನಲವತ್ತಾರು.
ಗಡಿಯಾರದ ದುಡ್ಡು ಗಡಿಯಾರಕ್ಕೇ ಹೋಗಬೇಕು, ಹೋಯಿತು.
ಹತ್ತನೆಯ ತರಗತಿಯ ಹುಡುಗಿಯರು
ಎಷ್ಟು ಹೊತ್ತಿಗೆ ಮನೆಗೆ ಹೋಗಿಬಿಡುತ್ತಾರೆಂದು
ಆಮೇಲೆ ಸರಿಯಾಗಿ ತಿಳಿಯತೊಡಗಿತು.
ಊಟ ಮುಗಿಸಿ, ಎರಡೂ ಹತ್ತಕ್ಕೆ.

ಒಂದು ಭಾನುವಾರ ಚಮನ್‌ಸಾಬ ಬಂದ,
ಆದೋನಿ ರಸ್ತೆಯ ವೆಲ್ಡಿಂಗ್ ಅಂಗಡಿಯವ.
ಯಾರು ಹೇಳಿದ್ದರೋ.
ಹಳೇ ತಗಡು, ಲಾರಿಯ ಪಟ್ಟಿ, ಅದರಲ್ಲೇ ಮೂರು ಬಾಗಿಲು,
ಒಳಗಡೆ ಬೆರಳುದ್ದದ ಚಿಲಕ.
ಹಾಕಿದ, ತೆಗೆದ, ಹಾಕಿದ.
ಹೊರಗೆ ನಿಂತು ದೂಡಿ ನೋಡ್ರಿ ಅಂದ.
ದೂಡಿದೆ. ಭುಜ ಕೊಟ್ಟು ದೂಡಿದೆ.
"ನಮ್ಮ ತಂಗಿ ಎಂಟಕ್ಕೇ ಬಿಟ್ಟ್ಳ್ರಿ ಸಾಲಿ," ಎಂದವನೇ
ಮತ್ತೆ ಕಪ್ಪು ಕನ್ನಡಕ ಏರಿಸಿಕೊಂಡ.

ಬ್ರಷ್ಷು ಹಿಡಿದು ಕೇಳಿದೆ, ಹೆಸರು ಎಲ್ಲಿ ಬರೀಲಿ?
ನಕ್ಕ. "ಬಾಗ್ಲದ ಮ್ಯಾಲ ಗಂಡಸಿನ ಹೆಸ್ರಾ?
ಒಳಗ ಹೋಗಾಕ ನಾಚ್ತಾವ್ರಿ ಹುಡುಗ್ಯಾರು."

ಲೆಕ್ಕಕ್ಕೆ ರಸೀದಿ ಹರಿಯಲೇಬೇಕು, ಮೇಡಂ ಬಿಡಲಿಲ್ಲ.
ಹೆಸರಿನ ಜಾಗ ಖಾಲಿ.
ಮೊತ್ತದ ಸಾಲಿನಲ್ಲಿ 'ಮೂರು' ಎಂದು ಬರೆದೆ,
ಅಚ್ಚಿನ 'ರೂಪಾಯಿ'ಯನ್ನು ಹೊಡೆದುಹಾಕಿ.
ಆಡಿಟ್‌ನವರು ಕೇಳುತ್ತಾರೆ. ಕೇಳಲಿ.

ಇವತ್ತು ಆರನೆಯ ಪೀರಿಯಡ್ಡು, ಕರೆಂಟಿಲ್ಲ.
ತಲೆ ಮೇಲೆ ಸೆಟ್ಟರ ಮನೆಯವರೆಲ್ಲ ಸುಮ್ಮನೆ ನಿಂತಿದ್ದಾರೆ.
ಗೌಡರ ಗಡಿಯಾರದಲ್ಲಿ ಮೂರೂಕಾಲು.
ಹಿಂದಿನ ಬೆಂಚಿನ ಮಾಬುನ್ನಿ ಎದ್ದು,
"ಸರ್, ಹೊರಗ ಹೋಗಿ ಬರ್ಲಾ?" ಅನ್ನುತ್ತಾಳೆ.
ಹೋಗುತ್ತಾಳೆ.
ಬರುತ್ತಾಳೆ.