ಮೂರನೇ ಸಾಲು

ಗಾರೆ ಮೇಸ್ತ್ರಿ ಲಕ್ಕಯ್ಯನ ಬೆನ್ನಿಗೆ
ಸೋಮವಾರ ಇಪ್ಪತ್ತು ಚೌಕ ಅಂಟಿಸಿದೆ.
'ಸಿಸ್ಟ್ರೇ, ಮೂರನೇ ಸಾಲು ಸೊಟ್ಟಗೈತಲ್ಲ'
ಎಂದ, ತನ್ನ ಬೆನ್ನು ತನಗೆ ಕಾಣದವನು.

ಹಾಸನದ ಅರ್ಧ ಬಡಾವಣೆಗೆ ಗಾರೆ ಮೆತ್ತಿದ ಕೈ
ಈಗ ಬಿರಿದು, ಸೋರಿ, ಹಕ್ಕಳೆ.
ಇಪ್ಪತ್ತೆರಡು ವರ್ಷ ಸುಮ್ಮನಿದ್ದ ಚರ್ಮ
ಯಾವ ಮನೆಯ, ಎಷ್ಟನೇ ಬಾಂಡ್ಲಿಯಲ್ಲಿ
ಸಿಮೆಂಟಿನ ಮುಖ ಗುರುತಿಟ್ಟುಕೊಂಡಿತೋ.

ಹೆಜ್ಜೇನು ಕಡಿದ ಗಳಿಗೆಗೇ
ಉಸಿರು ಹಿಸುಕುವ ಸಿಟ್ಟು ಬೇರೆ.
ಇದು ಎರಡು ದಿನ ಯೋಚಿಸಿ ಬರುವಂಥದು.

ಬುಧವಾರ ಪಟ್ಟಿ ಬಿಡಿಸಿದೆ.
ಹತ್ತೊಂಬತ್ತು ಚೌಕ ತಣ್ಣಗೆ,
ಸೊಟ್ಟ ಸಾಲಿನದೊಂದು ಮಾತ್ರ
ಸುಟ್ಟ ಇಟ್ಟಿಗೆ.

'ಕ್ರೋಮೇಟ್. ಇನ್ನು ಸಿಮೆಂಟು ಮುಟ್ಟಬೇಡಿ' ಅಂದರು ಡಾಕ್ಟರು.
'ಮೈ ಮರೆಯಾಕಿಲ್ವಾ ಇದನ್ನ?'
ಉತ್ತರಕ್ಕೆ ಕಾಯದೆ ಅಂಗಿ ತೊಟ್ಟ.

ಹೋಗುವಾಗ ಹೊಸ ವಾರ್ಡಿನ ಗೋಡೆಗೆ
ಬೆರಳ ಗೆಣ್ಣಲ್ಲಿ ಬಡಿದು, ಕಿವಿಗೊಟ್ಟ:
'ಯಾರೋ ಇದಕ್ಕೆ ಸರಿಯಾಗಿ ನೀರು ಕುಡಿಸಿಲ್ಲ.'